ಹಿತ್ತಲಿನ ಬೆಳ್ಳಿತೆರೆ

ಬೇಸಗೆಯ ರಜೆಯಲ್ಲಿ ಹಿತ್ತಲಿನೊಳಗೆ ಬಿಳಿಯ ತೆರೆಯೊಂದನ್ನು ಕಟ್ಟಿ, ಮನೆಮಂದಿಗೆಲ್ಲ ಚಲಚ್ಚಿತ್ರವನ್ನು ತೋರಿಸಬೇಕೆಂಬ ಅಭಿಲಾಷೆಯುಳ್ಳ ಗೃಹಸ್ಥರು ಈಗ ಹಲವರಿರುವರು. ಅಲ್ಪ ವೆಚ್ಚದಲ್ಲಿ ದೊರೆಯತಕ್ಕ ಪ್ರೊಜೆಕ್ಟರನ್ನು ಆರಿಸುವುದು ಹೇಗೆಂದು ನಮ್ಮನ್ನು ಕೇಳಿದವರೂ ಉಂಟು. ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿ ಮುಪ್ಪಾದ ಉಪಾಧ್ಯಾಯನಿಗೂ ಯಂತ್ರಕ್ಕೂ ಎತ್ತಣ ಸಂಬಂಧವೆಂದು ಯಾರಾದರೂ ನಕ್ಕರೆ ನಮಗೆ ಬೇಸರವಿಲ್ಲ. ಇದು ನಾವು 7,000 ರೂಪಾಯಿಗಳ ಗುರುದಕ್ಷಿಣೆಯನ್ನು ತೆತ್ತು ಕಲಿತ ಪಾಠ.

ತೆರೆಯ ಮೇಲೆ ಬೆಳಕಿನಿಂದ ಕಥೆಯನ್ನು ಕಾಣುವುದು ನಮ್ಮವರಿಗೆ ಹೊಸದೇನೂ ಅಲ್ಲ. ತೊಗಲುಗೊಂಬೆಯಾಟದವರು ದೀಪವನ್ನು ತೆರೆಯ ಹಿಂದಿರಿಸಿ ರಾಮಾಯಣವನ್ನೇ ನಡೆಯಿಸಿಬಿಡುವರು. 13ನೆಯ ಶತಮಾನದ ಸುಭಟಕವಿಯು ತನ್ನ ‘ದೂತಾಂಗದ’ವನ್ನು ಛಾಯಾನಾಟಕವೆಂದು ಕರೆದಿರುವನು, ಆ ಶಬ್ದದ ಅರ್ಥದಲ್ಲಿ ಪಂಡಿತರೊಳಗೆ ವಿವಾದವುಂಟು, ಅದು ಹಾಗಿರಲಿ. ನಮ್ಮ ತಾಯಿಯವರ ಪಾಲಿಗೆ ಬೆಳ್ಳಿತೆರೆಯೆಂದರೆ ಟೂರಿಂಗ್ ಟಾಕೀಸಿನ ಡೇರೆ. 1965ರಲ್ಲಿ ತೆರೆಕಂಡ ‘ಸತ್ಯ ಹರಿಶ್ಚಂದ್ರ’ವನ್ನು ಅವರು ಕೈಗೂಸಾಗಿದ್ದ ನಮ್ಮನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕುಳಿತು ನೋಡಿದರಂತೆ. ನಾವು ಅತ್ತು ರಂಪಮಾಡಿದ ಕಾರಣ ಶ್ಮಶಾನದ ಪ್ರಸಂಗದ ವೇಳೆಗೆ ಎದ್ದು ಹೊರಬರಬೇಕಾಯಿತೆಂಬುದನ್ನು ಇಂದಿಗೂ ಎತ್ತಿ ಆಡುವುದುಂಟು. ಈಗ ಅವರಿಗೆ 86 ವರ್ಷ. ಸೊಂಟದ ನೋವಿನಿಂದ ಚಿತ್ರಮಂದಿರದ ಮೆಟ್ಟಿಲನ್ನು ಹತ್ತಲಾರರು. ಆ ಹಳೆಯ ಋಣವನ್ನು ತಿಪಟೂರಿನ ನಮ್ಮ ಹಿತ್ತಲಿನಲ್ಲಿಯೇ, ತೆಂಗಿನ ಮರಗಳ ನಡುವೆ ತೀರಿಸಬೇಕೆಂದು ಸಂಕಲ್ಪಿಸಿದೆವು.

ಪೆಟ್ಟಿಗೆಯ ಮೇಲೆ ‘9,000 ಲ್ಯೂಮೆನ್’ ಎಂದು ದಪ್ಪಕ್ಷರಗಳಲ್ಲಿ ಅಚ್ಚಾಗಿದ್ದ ಯಂತ್ರವೊಂದನ್ನು ತರಿಸಿದೆವು. ಲ್ಯೂಮೆನ್ ಎಂಬುದು ಬೆಳಕಿನ ಮೊತ್ತವನ್ನು ಅಳೆಯುವ ಮಾನವೆಂದು ಮೊಮ್ಮಗನು ತಿಳಿಸಿದ್ದನು. ಸಂಖ್ಯೆ ದೊಡ್ಡದಿದ್ದಷ್ಟೂ ಒಳಿತೆಂದು ಹಿಗ್ಗಿದೆವು. 100 ಅಂಗುಲದ ಕರ್ಣವುಳ್ಳ ತೆರೆಯನ್ನು ಕಟ್ಟಿದ್ದಾಯಿತು. ಹಾಡುಗಳು ಸೊಗಸಾಗಿ ಕೇಳಿದವು. ಶ್ಮಶಾನದ ಪ್ರಸಂಗ ಬಂದಿತು. ತಾಯಿಯವರು ಕುರ್ಚಿಯಿಂದ ಮುಂದಕ್ಕೆ ಬಾಗಿ, “ಮಗೂ, ಮಾತು ಕೇಳುತ್ತೆ ಕಣೋ, ಮುಖವೇ ಕಾಣೋಲ್ಲವಲ್ಲ” ಎಂದರು. ನಾವು, “ವಯಸ್ಸಾಯಿತಲ್ಲವೇನಮ್ಮ, ಕಣ್ಣು ಮಂಜಾಗಿರಬೇಕು” ಎಂದುಬಿಟ್ಟೆವು. ಅವರು ಮರುಮಾತಾಡದೆ ಒಳಕ್ಕೆ ಹೋಗಿ ಮಲಗಿದರು.

ಮರುವಾರ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ದೆವು. ಪೊರೆಯನ್ನು ಹಿಂದೆಯೇ ತೆಗೆಸಿದ್ದಾಗಿತ್ತು. ಈ ವಯಸ್ಸಿಗೆ ದೃಷ್ಟಿ ಚೆನ್ನಾಗಿಯೇ ಇದೆಯೆಂದು ಅವರು ಹೇಳಿ ಕಳುಹಿಸಿದರು. ನಾಚಿಕೆಯಿಂದ ಮನೆಗೆ ಬಂದು, ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ನಮ್ಮ ಹಳೆಯ ಸಹೋದ್ಯೋಗಿಗಳಿಗೆ ವಿಷಯವನ್ನು ಅರುಹಿದೆವು. ಅವರು ಬೆಳಕನ್ನು ಅಳೆಯುವ ಉಪಕರಣವೊಂದನ್ನು ತಂದು, ಬರಿಯ ಬಿಳಿಯ ಬೆಳಕನ್ನು ತೆರೆಯ ಮೇಲೆ ಬೀಳಿಸಿ, ತೆರೆಯನ್ನು 9 ಸಮಭಾಗಗಳನ್ನಾಗಿ ಭಾವಿಸಿ, ಪ್ರತಿಯೊಂದರ ನಡುವೆಯೂ ಅಳೆದು ಸರಾಸರಿಯನ್ನು ತೆಗೆದರು: 43 ಲಕ್ಸ್. ತೆರೆಯ ವಿಸ್ತೀರ್ಣ 2.76 ಚದರ ಮೀಟರು. ಎರಡನ್ನೂ ಗುಣಿಸಿದರೆ ಬರುವುದು ಸುಮಾರು 119 ಲ್ಯೂಮೆನ್. 9,000 ಎಲ್ಲಿ, 119 ಎಲ್ಲಿ! ಕುರುಡು ಯಂತ್ರದ್ದು, ನಾವು ಅದನ್ನು ಹೆತ್ತ ತಾಯಿಯ ಮೇಲೆ ಹೊರಿಸಿದ್ದೆವು.

ಹೀಗೆ 9 ಸ್ಥಾನಗಳಲ್ಲಿ ಅಳೆದು ಹೇಳುವ ಲೆಕ್ಕಕ್ಕೆ ಆನ್ಸಿ ಲ್ಯೂಮೆನ್ ಎಂದು ಹೆಸರು. ಕೊಳ್ಳುವವರು ಈ ‘ಆನ್ಸಿ’ ಎಂಬ ವಿಶೇಷಣವನ್ನೇ ಹುಡುಕತಕ್ಕದ್ದು. ಅಥವಾ ಐಎಸ್ಒ ಪ್ರಮಾಣದ ಪ್ರಕಾರ ಅಳೆದುದೆಂದಿದ್ದರೂ ಆದೀತು. ವಿಶೇಷಣವಿಲ್ಲದ ಬರಿಯ ಲ್ಯೂಮೆನ್ನಿಗೆ ಬೆಲೆ ಕಟ್ಟಬೇಡಿರಿ. ಅಂತೆಯೇ ‘4ಕೆ ಸಪೋರ್ಟ್’ ಎಂದಿದ್ದರೆ, ಅಷ್ಟು ಸೂಕ್ಷ್ಮವಾದ ಚಿತ್ರವನ್ನು ಯಂತ್ರವು ಒಳಕ್ಕೆ ಸ್ವೀಕರಿಸುವುದೆಂದು ಅರ್ಥವೇ ಹೊರತು, ಅಷ್ಟನ್ನು ತೋರಿಸುವುದೆಂದಲ್ಲ. ತೋರಿಸುವುದು ‘ನೇಟಿವ್’ ಎಂಬ ಮಾತಿನ ಮುಂದಿರುವ ಸಂಖ್ಯೆ. ಅಲ್ಲಿ 1920×1080 ಎಂದಿದ್ದರೆ ಉತ್ತಮ, 1280×720 ಇದ್ದರೆ ಮಧ್ಯಮ. ಎರಡೂ ಇಲ್ಲದಿದ್ದರೆ ಪೆಟ್ಟಿಗೆಯನ್ನು ಕೆಳಗಿಡಬಹುದು.

ಇನ್ನು ತೆರೆಯ ಅಳತೆ. ಕರ್ಣವನ್ನು ಇಮ್ಮಡಿ ಮಾಡಿದರೆ ವಿಸ್ತೀರ್ಣವು ನಾಲ್ಮಡಿಯಾಗುತ್ತದೆ, ಬೆಳಕು ಕಾಲುಪಾಲಿಗೆ ಇಳಿಯುತ್ತದೆ. ಇದ್ದ ಎಣ್ಣೆಯನ್ನು ಎಷ್ಟು ಹಣತೆಗಳಿಗೆ ಹಂಚಬೇಕೆಂಬುದನ್ನು ಗೃಹಿಣಿಯರಿಗೆ ನಾವು ಕಲಿಸಬೇಕಾಗಿಲ್ಲ. ಎರಡನೆಯ ಸಲ ನಾವು 300 ಆನ್ಸಿ ಲ್ಯೂಮೆನ್ನಿನ ಎಲ್ಇಡಿ ದೀಪದ ಯಂತ್ರವನ್ನು 16,000 ರೂಪಾಯಿಗಳಿಗೆ ಕೊಂಡು, ತೆರೆಯನ್ನು 80 ಅಂಗುಲಕ್ಕೆ ಕುಗ್ಗಿಸಿದೆವು. ಅಳೆದಾಗ 280 ಬಂದಿತು. ಚಿಕ್ಕ ತೆರೆಯ ಮೇಲೆ ಅದು ಮೊದಲಿಗಿಂತ ಹೆಚ್ಚು ಕಡಮೆ ನಾಲ್ಕರಷ್ಟು ಕಾಂತಿಯಾಯಿತು. ಯಂತ್ರವನ್ನು ಎಷ್ಟು ದೂರ ಇಡಬೇಕೆಂಬುದಕ್ಕೂ ಸೂತ್ರವುಂಟು: ಪುಸ್ತಿಕೆಯಲ್ಲಿರುವ ‘ಥ್ರೋ ರೇಷಿಯೊ’ವನ್ನು ತೆರೆಯ ಅಗಲದಿಂದ ಗುಣಿಸತಕ್ಕದ್ದು. ನಮ್ಮದು 1.3, ಅಗಲ 1.77 ಮೀಟರು; ದೂರ 2.3 ಮೀಟರು.

ಕಚೇರಿಗಳು ವಿಲೇವಾರಿ ಮಾಡಿದ ಹಳೆಯ ಪ್ರೊಜೆಕ್ಟರುಗಳೂ ಕಡಮೆ ಬೆಲೆಗೆ ಸಿಕ್ಕುವುದುಂಟು. 2,500 ಲ್ಯೂಮೆನ್ನಿಗೂ ಮಿಗಿಲಾದ ನಿಜವಾದ ಬೆಳಕು ಅವುಗಳಲ್ಲಿರಬಹುದು. ಆದರೆ ಅವುಗಳ ಪಾದರಸದ ದೀಪಕ್ಕೆ 3,000ದಿಂದ 5,000 ಗಂಟೆಗಳವರೆಗೆ ಮಾತ್ರ ಆಯುಸ್ಸು. ಎಷ್ಟು ಗಂಟೆ ಉರಿದಿದೆಯೆಂಬುದನ್ನು ಯಂತ್ರದ ಪಟ್ಟಿಯಲ್ಲಿಯೇ ತೆಗೆಸಿ ನೋಡದೆ ಹಣವನ್ನು ಕೊಡಕೂಡದು. ಮೇಲಾಗಿ ಅವು 250 ವಾಟ್ ವಿದ್ಯುತ್ತನ್ನಾದರೂ ಬೇಡುವುದರಿಂದ, ಕರೆಂಟು ಹೋದಾಗ ಮನೆಯ ಇನ್ವರ್ಟರಿಗೆ ಭಾರವಾದೀತು.

ಮಿಕ್ಕವು ಸಣ್ಣ ಸಂಗತಿಗಳು. ಸೂರ್ಯಾಸ್ತವಾಗಿ ಅರ್ಧ ಗಂಟೆಯಾದರೂ ಕಳೆಯದೆ ಆರಂಭಿಸಬೇಡಿರಿ. ತೆಳುವಾದ ಪಂಚೆಯಲ್ಲಿ ಬೆಳಕು ಸೋರಿಹೋಗುವುದರಿಂದ ಅದರ ಹಿಂದೆ ಕಪ್ಪು ಬಟ್ಟೆಯನ್ನು ಕಟ್ಟಬೇಕು. ನುಣ್ಣನೆಯ ಸುಣ್ಣದ ಗೋಡೆಯಿದ್ದರೆ ಅದಕ್ಕಿಂತ ಮೇಲು, ಗಾಳಿಗೆ ಅಲುಗದು. ಯಂತ್ರವನ್ನು ತೆಂಗಿನ ಮರದ ಕೆಳಗೆ ಇಡಬಾರದೆಂಬುದನ್ನು ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ. ರಾತ್ರಿ 10 ಗಂಟೆಯ ಮೇಲೆ ಧ್ವನಿವರ್ಧಕವು ಕಾನೂನಿಗೆ ವಿರುದ್ಧ, ನೆರೆಯವರ ನಿದ್ರೆಗಂತೂ ವಿರುದ್ಧವೇ ಸರಿ. ಟಿಕೇಟು ಮಾಡಿ ಊರ ಜನಕ್ಕೆ ತೋರಿಸುವ ಯೋಚನೆಯಿದ್ದರೆ ಚಿತ್ರದ ಹಕ್ಕುದಾರರ ಅನುಮತಿ ಬೇಕಾಗುವುದು.

ಎರಡನೆಯ ಸಲ ತಾಯಿಯವರನ್ನು ಹಿತ್ತಲಿಗೆ ಕರೆತರುವುದೇ ಪ್ರಯಾಸವಾಯಿತು. “ನನಗೇನು ಕಾಣುತ್ತೆ, ಮಕ್ಕಳಿಗೆ ತೋರಿಸು” ಎಂದರು. ತಪ್ಪು ಯಂತ್ರದ್ದಾಗಿತ್ತೆಂದು, ಅದಕ್ಕಿಂತ ಮೊದಲು ನಮ್ಮದಾಗಿತ್ತೆಂದು ಹೇಳಿ ಒಪ್ಪಿಸಿದೆವು. ಶ್ಮಶಾನದಲ್ಲಿ ಪಂಢರಿಬಾಯಿಯವರ ಮುಖ ತೆರೆಯ ಮೇಲೆ ಮೂಡಿದಾಗ ಅವರು ಸೆರಗಿನಿಂದ ಕಣ್ಣೊರಸಿಕೊಂಡು, ನಮ್ಮ ಕಡೆಗೆ ತಿರುಗದೆಯೇ, “ಈಗಲಾದರೂ ಅಳದೆ ಕೂತಿದೀಯಲ್ಲ” ಎಂದರು.