ಬೋಗುಣಿಯೊಳಗಿನ ಆಮೆ

ಬಣ್ಣದ ಮೀನುಗಳನ್ನು ಮಾರುವ ಅಂಗಡಿಯ ಮುಂದೆ, ನೀರು ತುಂಬಿದ ತಟ್ಟೆಯೊಂದರಲ್ಲಿ ಒಂದರ ಬೆನ್ನ ಮೇಲೊಂದು ಹತ್ತಿ ತೆವಳುವ ಹಸಿರು ಆಮೆಮರಿಗಳನ್ನು ಕಂಡು ನಿಲ್ಲದ ಮಗು ಉಂಟೆ? ಒಂದೊಂದು ಮರಿಯೂ ಹಳೆಯ ಬೆಳ್ಳಿ ರೂಪಾಯಿಯಷ್ಟೇ ಅಗಲ. ಕಣ್ಣಿನ ಹಿಂದೆ ಕುಂಕುಮದಿಂದ ಎಳೆದಂತೆ ಕೆಂಪು ಪಟ್ಟೆ. ಮಗು ಹಟ ಹಿಡಿಯುತ್ತದೆ. ಮನೆಯಲ್ಲಿ ಆಮೆಯಿದ್ದರೆ ಲಕ್ಷ್ಮಿ ನಿಲ್ಲುವಳೆಂದು ಯಾರೋ ಹೇಳಿದ ಮಾತು ತಂದೆಗೆ ನೆನಪಾಗುತ್ತದೆ. “ಇದಕ್ಕೇನೂ ಬೇಡ ಸಾರ್, ದಿನಕ್ಕೆ ನಾಲ್ಕು ಕಾಳು ಹಾಕಿದರೆ ಆಯಿತು” ಎಂದು ಅಂಗಡಿಯವನು ಅಭಯವೀಯುತ್ತಾನೆ. ಗಾಜಿನ ಬೋಗುಣಿಯೊಂದನ್ನೂ ಕೊಂಡು ತಂದೆಮಕ್ಕಳು ಮನೆಗೆ ಮರಳುತ್ತಾರೆ.

ಅಂಗಡಿಯವನ ಮಾತು ಪೂರ್ತಿ ಸುಳ್ಳಲ್ಲ, ಅಪಾಯವಿರುವುದೂ ಅಲ್ಲಿಯೇ. ಬೇಕಾದದ್ದು ಯಾವುದೂ ದೊರೆಯದೆ ಆಮೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಸಿರು ಹಿಡಿದಿರಬಲ್ಲದು. ಹಸಿದ ನಾಯಿ ಬೊಗಳುತ್ತದೆ, ಬೆಕ್ಕು ಕಾಲಿಗೆ ಸುತ್ತಿಕೊಳ್ಳುತ್ತದೆ, ಗಿಳಿ ಪಂಜರವನ್ನು ಕಚ್ಚಿ ಗಲಾಟೆ ಮಾಡುತ್ತದೆ. ಆಮೆಯಾದರೋ ಸುಮ್ಮನಿರುತ್ತದೆ. ಅದರ ಸಹನೆಯನ್ನು ಸಾಕಿದವರು ಸುಖವೆಂದು ಎಣಿಸುತ್ತಾರೆ.

ಈ ಮೌನದ ಮುಂದೆ ಜಾಣರೂ ಸೋತದ್ದುಂಟು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಗಿಲ್ಬರ್ಟ್ ವೈಟ್ ಎಂಬ ಪಾದ್ರಿಯಿದ್ದನು. ತನ್ನ ಹಳ್ಳಿಯಾದ ಸೆಲ್ಬೋರ್ನಿನ ಹಕ್ಕಿ, ಹುಳು, ಗಿಡಮರಗಳನ್ನು ಕುರಿತು ಅವನು ಬರೆದ ಪುಸ್ತಕ 1789ರಲ್ಲಿ ಪ್ರಕಟವಾಗಿ ಇಂದಿಗೂ ಓದುಗರನ್ನು ಪಡೆದಿದೆ. ಅವನ ಸೋದರತ್ತೆಯ ಅಂಗಳದಲ್ಲಿ ತಿಮೊತಿ ಎಂಬ ನೆಲದಾಮೆಯೊಂದಿತ್ತು. ನವೆಂಬರಿನ ನಡುವೆ ಮಣ್ಣಿನೊಳಗೆ ಇಳಿದರೆ ಅದು ಮತ್ತೆ ಮೇಲೇಳುವುದು ಏಪ್ರಿಲಿನಲ್ಲಿ. 1780ರಲ್ಲಿ ಅತ್ತೆ ತೀರಿಕೊಂಡ ಮೇಲೆ ವೈಟ್ ಅದನ್ನು ನಿದ್ರೆಯಿಂದ ಅಗೆದು ತೆಗೆದು, ಕುದುರೆಗಾಡಿಯಲ್ಲಿ ತನ್ನೂರಿಗೆ ತಂದನು. ತೂಗಿ ನೋಡಿದನು, ಏನು ತಿನ್ನುತ್ತದೆ, ಮಳೆ ಬಂದರೆ ಎಲ್ಲಿ ಅಡಗುತ್ತದೆ ಎಂಬುದನ್ನು ದಿನಚರಿಯಲ್ಲಿ ಬರೆದಿಟ್ಟನು, ಕಿವಿ ಕೇಳುವುದೋ ಇಲ್ಲವೋ ಎಂದು ತುತ್ತೂರಿಯಂಥ ಕೊಳವೆಯಲ್ಲಿ ಕೂಗಿಯೂ ನೋಡಿದನು. ತಿಮೊತಿ ತಲೆಯೆತ್ತಲಿಲ್ಲ. ವೈಟ್ 1793ರಲ್ಲಿ ತೀರಿಕೊಂಡನು. ಮರುವರ್ಷ ಆಮೆಯೂ ಸತ್ತಿತು. ಅದರ ಚಿಪ್ಪು ಲಂಡನ್ನಿನ ವಸ್ತುಸಂಗ್ರಹಾಲಯವನ್ನು ಸೇರಿತು. ಅದನ್ನು ಪರೀಕ್ಷಿಸಿದಾಗ ತಿಳಿದುಬಂದ ಸಂಗತಿ: ತಿಮೊತಿ ಹೆಣ್ಣು! ಅರ್ಧ ಶತಮಾನಕ್ಕೂ ಮಿಕ್ಕಿ ಸಾಕಿದವರಿಗೆ, ಅವರಲ್ಲಿ ಒಬ್ಬನು ತನ್ನ ಕಾಲದ ಅತಿ ಸೂಕ್ಷ್ಮ ವೀಕ್ಷಕನಾಗಿದ್ದರೂ, ಅಷ್ಟು ಮಾತ್ರವೂ ತಿಳಿದಿರಲಿಲ್ಲ.

ಆದರೂ ತಿಮೊತಿಗೆ ಮಣ್ಣಿತ್ತು, ಬಿಸಿಲಿತ್ತು, ಓಡಾಡಲು ತೋಟವಿತ್ತು. ನಮ್ಮ ಬೋಗುಣಿಯ ಆಮೆಗೆ ಏನಿದೆ? ಇದರ ತವರು ಅಮೆರಿಕದ ಮಿಸಿಸಿಪ್ಪಿ ನದಿಯ ಬಯಲು. ಹೆಸರು ರೆಡ್ ಇಯರ್ಡ್ ಸ್ಲೈಡರ್. ಮರದ ದಿಮ್ಮಿಯ ಮೇಲೆ ಬಿಸಿಲು ಕಾಯುತ್ತಿದ್ದು, ಸದ್ದಾದೊಡನೆ ನೀರಿಗೆ ಜಾರುವುದರಿಂದ ಆ ಹೆಸರು. 1989ರಿಂದ 1997ರವರೆಗೆ ಅಮೆರಿಕದಿಂದ ಹೊರದೇಶಗಳಿಗೆ ರವಾನೆಯಾದವು 5 ಕೋಟಿಗೂ ಹೆಚ್ಚು. ಕೊಳ್ಳುವವರಿಗೆ ಯಾರೂ ಹೇಳದ ಮಾತೆಂದರೆ, ರೂಪಾಯಿಯಗಲದ ಆ ಮರಿ ಊಟದ ತಟ್ಟೆಯಗಲಕ್ಕೆ ಬೆಳೆಯುತ್ತದೆ, ಚೆನ್ನಾಗಿ ನೋಡಿಕೊಂಡರೆ 30 ವರ್ಷ ಬದುಕುತ್ತದೆ. ಹಟ ಹಿಡಿದ ಮಗು ಬೆಳೆದು, ಮದುವೆಯಾಗಿ, ತನ್ನ ಮಗುವಿನ ಹಟವನ್ನು ಕೇಳುವ ಹೊತ್ತಿಗೂ ಆಮೆ ಇದ್ದೀತು!

ಅದು ಬದುಕಬೇಕಾದರೆ ಮೊದಲು ಬೇಕಾದದ್ದು ಬಿಸಿಲು. ಸರೀಸೃಪಗಳ ಮೈ ನಮ್ಮಂತೆ ತಾನೇ ಬಿಸಿಯನ್ನು ಹುಟ್ಟಿಸಿಕೊಳ್ಳಲಾರದು. ಹೊರಗಿನ ಶಾಖವನ್ನು ಕಡ ಪಡೆಯಬೇಕು. ಮೈ ಕಾಯದಿದ್ದರೆ ತಿಂದದ್ದು ಅರಗುವುದಿಲ್ಲ. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಕಿರಣವೊಂದುಂಟು. ಅದು ತಾಗಿದರೆ ಮೈಯಲ್ಲಿ ಡಿ ಜೀವಸತ್ತ್ವ ಹುಟ್ಟಿ, ಆಹಾರದ ಸುಣ್ಣದಂಶ ಎಲುಬಿಗೆ ಸೇರುತ್ತದೆ. ಚಿಪ್ಪು ಆಮೆ ಹೊತ್ತ ಡಬ್ಬಿಯಲ್ಲ; ಬೆನ್ನೆಲುಬೂ ಪಕ್ಕೆಲುಬುಗಳೂ ಬೆಸೆದು ಆದ ಅದರ ಮೈಯೇ. ಕಿರಣ ತಪ್ಪಿದರೆ ಚಿಪ್ಪು ಮೆದುವಾಗುತ್ತದೆ, ಕಾಲು ಸೊಟ್ಟಗಾಗುತ್ತದೆ. ಕಿಟಕಿಯ ಬಳಿ ಇಟ್ಟಿದ್ದೇವಲ್ಲ ಎನ್ನುವವರು ಉಂಟು. ಗಾಜು ಶಾಖವನ್ನು ಒಳಬಿಟ್ಟು ಆ ಕಿರಣವನ್ನೇ ತಡೆಯುತ್ತದೆ! ಬೋಗುಣಿಯನ್ನೇ ಬಿಸಿಲಿಗಿಟ್ಟರೆ, ಪುಟ್ಟ ನೀರು ಬೇಗನೆ ಕಾದು, ತಪ್ಪಿಸಿಕೊಳ್ಳಲು ನೆರಳಿಲ್ಲದೆ ಪ್ರಾಣಿ ಬೇಯುತ್ತದೆ. ಹತ್ತಿ ಮೈಯೊಣಗಿಸಿಕೊಳ್ಳಲು ಕಲ್ಲು, ಇಳಿದು ಅಡಗಲು ಆಳ, ಎರಡೂ ಇದ್ದು ಆಯ್ಕೆ ಆಮೆಯದಾಗಿರಬೇಕು.

ಆಹಾರದ ಮಾತೂ ಹಾಗೆಯೇ. ಎಳೆಯ ಆಮೆಗೆ ಹುಳು, ಮೀನು ಬೇಕು. ಬೆಳೆದಂತೆ ಸೊಪ್ಪು, ನೀರುಗಿಡಗಳ ಕಡೆಗೆ ಬಾಯಿ ಹೊರಳುತ್ತದೆ. ಅನ್ನ, ಬ್ರೆಡ್ಡು, ಬರಿಯ ಒಣಸೀಗಡಿ ಸಾಲದು. ಎ ಜೀವಸತ್ತ್ವದ ಕೊರತೆಯಾದರೆ ರೆಪ್ಪೆಗಳು ಊದಿ ಮುಚ್ಚಿಕೊಳ್ಳುತ್ತವೆ. ಕಾಣದ ಆಮೆ ತಿನ್ನುವುದನ್ನು ಬಿಡುತ್ತದೆ. ಮನೆಯವರು ‘ನಿದ್ರೆ ಮಾಡುತ್ತಿದೆ’ ಎಂದುಕೊಳ್ಳುತ್ತಾರೆ.

ಆಮೆ ತಿನ್ನುವುದೂ ವಿಸರ್ಜಿಸುವುದೂ ಒಂದೇ ನೀರಿನಲ್ಲಿ. ಅದರ ಮೈಮೇಲೆ ಸಾಲ್ಮೊನೆಲ್ಲ ಎಂಬ ರೋಗಾಣು ಇರಬಹುದು. ಅದರಿಂದ ಆಮೆಗೆ ಬಾಧೆಯಿಲ್ಲದಿದ್ದರೂ ಮಕ್ಕಳಿಗೆ ವಾಂತಿಭೇದಿಯಾಗಬಹುದು. 4 ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನು ಅಮೆರಿಕದ ಸರ್ಕಾರ 1975ರಲ್ಲಿ ನಿಷೇಧಿಸಿದ್ದು ಈ ಕಾರಣಕ್ಕಾಗಿ. ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಬೇಕು. ಆ ನೀರನ್ನು ಅಡುಗೆಮನೆಯಲ್ಲಿ ಚೆಲ್ಲಬಾರದು.

ವಿದೇಶಿ ಆಮೆಗೆ ಬದಲು ನಮ್ಮದೇ ನಕ್ಷತ್ರ ಆಮೆಯನ್ನು ಸಾಕಬಹುದಲ್ಲ ಎಂದು ಕೇಳುವವರಿಗೆ ಉತ್ತರ ಚಿಕ್ಕದು. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ.

ಬೆಳೆದ ಆಮೆ ಬೋಗುಣಿಗೆ ಹಿಡಿಸದಾದಾಗ, ನೀರು ನಾರತೊಡಗಿದಾಗ, ಮನೆಯವರಿಗೆ ಇದ್ದಕ್ಕಿದ್ದಂತೆ ದಯೆ ಹುಟ್ಟುತ್ತದೆ: “ಪಾಪ, ಕೆರೆಗೆ ಬಿಟ್ಟುಬಿಡೋಣ.” ಈ ಪುಣ್ಯಕಾರ್ಯದ ಫಲವಾಗಿಯೇ ಈ ಆಮೆ ಲೋಕದ ನೂರು ಕಡುಕೇಡಿನ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಸೇರಿದೆ. ಬಿಸಿಲು ಕಾಯುವ ತಾಣವನ್ನೂ ಆಹಾರವನ್ನೂ ಅದು ಊರಿನ ಆಮೆಗಳಿಂದ ಕಸಿಯುತ್ತದೆ. ಯೂರೋಪು 1997ರಲ್ಲಿಯೇ ಇದರ ಆಮದನ್ನು ನಿಲ್ಲಿಸಿತು. ಕೇರಳದ ಅರಣ್ಯ ಸಂಶೋಧನ ಸಂಸ್ಥೆಯು 2021ರಲ್ಲಿ, ಸಾಕಲಾರದವರು ತಂದೊಪ್ಪಿಸಿರಿ, ನೀರಿಗೆ ಬಿಡಬೇಡಿರಿ ಎಂದು ಜನರನ್ನು ಕೇಳಿಕೊಂಡಿತು.

ಈಗಾಗಲೇ ತಂದವರಿಗೆ ಉಳಿದಿರುವುದು ಒಂದೇ ದಾರಿ. ಬೋಗುಣಿಯನ್ನು ಬಿಟ್ಟು ಮಹಡಿಯ ಮೇಲೋ ಹಿತ್ತಿಲಲ್ಲೋ ನಾನೂರು ಲೀಟರಿಗೆ ಕಡಿಮೆಯಿಲ್ಲದ ತೊಟ್ಟಿಯನ್ನು ಕಟ್ಟಿಸಬೇಕು. ಅರ್ಧ ಬಿಸಿಲು, ಅರ್ಧ ನೆರಳು. ಕಾಗೆ ಬೆಕ್ಕುಗಳ ಕಾಟಕ್ಕೆ ಮೇಲೊಂದು ತಂತಿಬಲೆ. ಆಮೆ ಪ್ರಾಯಕ್ಕೆ ಬಂದಾಗ ಮುಂಗಾಲುಗಳನ್ನು ನೋಡಬೇಕು. ಉಗುರುಗಳು ನೀಳವಾಗಿದ್ದರೆ ಗಂಡು, ಗಿಡ್ಡವಾಗಿದ್ದರೆ ಹೆಣ್ಣು. ಹೆಣ್ಣಾದರೆ ಜೊತೆಯಿಲ್ಲದೆಯೂ ಮೊಟ್ಟೆ ಕಟ್ಟುತ್ತದೆ. ತೋಡಲು ಮಣ್ಣು ಸಿಗದಿದ್ದರೆ ಮೊಟ್ಟೆಗಳನ್ನು ಹೊಟ್ಟೆಯಲ್ಲಿಯೇ ತಡೆದುಕೊಂಡು, ಸದ್ದಿಲ್ಲದೆ ಸಾಯುವುದೂ ಉಂಟು. ಅದಕ್ಕಾಗಿ ತೊಟ್ಟಿಯ ಮಗ್ಗುಲಲ್ಲಿ, ಹತ್ತಿ ಬರಲು ಇಳಿಜಾರು ಮಾಡಿ, ಒಂದಡಿ ಆಳದ ಹಸಿ ಮರಳುಮಣ್ಣನ್ನು ತುಂಬಿಡಬೇಕು.