ತಂಡದ ಯಜಮಾನ ಯಾರು?

1974–75ರ ಚಳಿಗಾಲ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಜಾನ್‌ಸ್ಟೌನ್ ಎಂಬ ಊರಿನಿಂದ ನೆಡ್ ಡೌಡ್ ಎಂಬ ಐಸ್ ಹಾಕಿ ಆಟಗಾರ ತನ್ನ ಅಕ್ಕ ನ್ಯಾನ್ಸಿಗೆ ಫೋನ್ ಮಾಡಿದ. ತಾನು ಆಡುತ್ತಿರುವ ತಂಡವನ್ನು ಮಾರುತ್ತಾರಂತೆ ಎಂದ. ಹಾಗಾದರೆ ಆ ತಂಡದ ಯಜಮಾನ ಯಾರು ಎಂದು ಅಕ್ಕ ಕೇಳಿದಳು. ತಮ್ಮನಿಗೆ ಗೊತ್ತಿರಲಿಲ್ಲ.

ನಮ್ಮ ಹಳೆಯ ನಾಟಕ ಕಂಪೆನಿಗಳಲ್ಲಿ ತಿಂಗಳುಗಟ್ಟಲೆ ಸಂಬಳ ಬಾರದೆ ಹೋದರೂ ಯಜಮಾನರು ಯಾರೆಂಬುದಂತೂ ನಟರಿಗೆ ತಿಳಿದಿರುತ್ತಿತ್ತು. ಎದುರಿಗೆ ಹೋಗಿ ನಿಂತು ಕೇಳಬಹುದಿತ್ತು, ಬೈಸಿಕೊಂಡು ಬರಬಹುದಿತ್ತು. ಇಲ್ಲಿ ಅದೂ ಇಲ್ಲ. ವಾರಕ್ಕೆ ಮೂರು ರಾತ್ರಿ ಮೈ ನುಗ್ಗಾಗುವಂತೆ ಆಡುವ ಹುಡುಗನಿಗೆ, ತನ್ನನ್ನು ಯಾರು ಮಾರುತ್ತಿದ್ದಾರೆ ಎಂಬುದೇ ಗೊತ್ತಿಲ್ಲ.

ಹಾಕಿ ಎಂದೊಡನೆ ನಮ್ಮ ಕಣ್ಣೆದುರು ಬರುವುದು ಕೊಡಗಿನ ಹಸಿರು ಮೈದಾನ. ಇದು ಬೇರೆ. ಇನ್ನೂರು ಅಡಿ ಉದ್ದ, ಎಂಬತ್ತೈದು ಅಡಿ ಅಗಲದ ಮಂಜುಗಡ್ಡೆಯ ಅಂಗಳ, ಸುತ್ತ ಗೋಡೆ. ಕಾಲಿಗೆ ಉಕ್ಕಿನ ಅಲಗಿನ ಬೂಟು. ಚೆಂಡಿನ ಬದಲು ಮೂರು ಇಂಚು ಅಗಲ, ಒಂದು ಇಂಚು ದಪ್ಪದ ಗಟ್ಟಿ ರಬ್ಬರಿನ ಬಿಲ್ಲೆ. ಗೋಲ್‌ಕೀಪರೂ ಸೇರಿ ಒಂದೊಂದು ಕಡೆಗೆ ಆರು ಜನ. ಎದುರಾಳಿಗೆ ಮೈಯಿಂದ ಗುದ್ದಿ ಗೋಡೆಗೆ ತಗುಲಿಸುವುದು ಇಲ್ಲಿ ತಪ್ಪಲ್ಲ, ಅದೂ ಒಂದು ಕೌಶಲ. ಕೈಗವಸು ಕಳಚಿ ಮುಷ್ಟಿಯುದ್ಧಕ್ಕೇ ಇಳಿದರೆ ಐದು ನಿಮಿಷ ಹೊರಗೆ ಕೂಡಿಸುತ್ತಾರೆ. ಆಮೇಲೆ ಬಂದು ಆಡಬಹುದು. ಬೇರೆ ಆಟಗಳಲ್ಲಾದರೆ ವರ್ಷಗಟ್ಟಲೆ ನಿಷೇಧ ಬೀಳುವಂಥ ಕೆಲಸಕ್ಕೆ ಐದೇ ನಿಮಿಷ! ಟಿಕೆಟ್ ಮಾರಾಟದ ಲೆಕ್ಕ ಬಲ್ಲವರಿಗೆ ಇದರ ಕಾರಣ ಹೇಳಬೇಕಿಲ್ಲ.

ನೆಡ್ ಆಡುತ್ತಿದ್ದ ಜಾನ್‌ಸ್ಟೌನ್ ಜೆಟ್ಸ್ ತಂಡ ನಾರ್ತ್ ಅಮೆರಿಕನ್ ಹಾಕಿ ಲೀಗ್ ಎಂಬ ದೊಡ್ಡ ಹೆಸರಿನ ಸಣ್ಣ ಕೂಟಕ್ಕೆ ಸೇರಿತ್ತು. 1973ರಲ್ಲಿ ಹುಟ್ಟಿ 1977ರಲ್ಲಿ ಮುಚ್ಚಿಹೋದ ಕೂಟ ಅದು. ದೊಡ್ಡ ತಂಡಗಳಿಗೆ ಹತ್ತಲಾಗದವರು, ಹತ್ತಿ ಇಳಿದವರು, ನಾಳೆ ಹತ್ತಿಯೇವೆಂದು ಕಾದವರು, ಎಲ್ಲರೂ ಅಲ್ಲಿದ್ದರು. ಸಿರಕ್ಯೂಸ್, ಯೂಟಿಕಾ, ಬಿಂಗ್‌ಹ್ಯಾಮ್‌ಟನ್ ಮುಂತಾದ ಊರುಗಳ ನಡುವೆ ಹಿಮ ಬಿದ್ದ ರಸ್ತೆಗಳಲ್ಲಿ ಬಸ್ ಪ್ರಯಾಣ; ಒಂದು ಋತುವಿನಲ್ಲಿ ಎಪ್ಪತ್ತಕ್ಕೂ ಹೆಚ್ಚು ಪಂದ್ಯ.

ಆಟಗಾರರಿಗಿಂತ ಊರಿನ ಕಥೆ ದೊಡ್ಡದು. ಜಾನ್‌ಸ್ಟೌನ್ ಬೆಟ್ಟಗಳ ನಡುವೆ, ಎರಡು ನದಿ ಕೂಡುವಲ್ಲಿರುವ ಉಕ್ಕಿನ ಊರು. 1889ರಲ್ಲಿ ಮೇಲಿನ ಅಣೆಕಟ್ಟು ಒಡೆದು 2,209 ಜನರನ್ನು ನೀರು ನುಂಗಿದ ಊರು. ಆಮೇಲೂ ಅದು ಎದ್ದು ನಿಂತಿತು, ಕುಲುಮೆ ಹೊತ್ತಿಸಿತು. ಆದರೆ 1970ರ ದಶಕದಲ್ಲಿ ಬೆತ್ಲೆಹೆಮ್ ಸ್ಟೀಲ್ ಕಂಪೆನಿ ಅಲ್ಲಿನ ಕಾರ್ಖಾನೆಯನ್ನು ಕುಗ್ಗಿಸುವ ಮಾತಾಡತೊಡಗಿತು. ಪಾಳಿ ಮುಗಿಸಿ ಹೊರಬರುವ ಕಾರ್ಮಿಕನಿಗೆ ಚಳಿಗಾಲದ ಸಂಜೆ ಹೋಗಲು ಇದ್ದ ಜಾಗ ವಾರ್ ಮೆಮೊರಿಯಲ್ ಅಂಗಳ. 1950ರಲ್ಲಿ ಕಟ್ಟಿದ್ದು, ಸುಮಾರು ನಾಲ್ಕು ಸಾವಿರ ಜನ ಹಿಡಿಸುತ್ತದೆ. ಜೆಟ್ಸ್ ತಂಡ ಹುಟ್ಟಿದ್ದೂ ಅದೇ ವರ್ಷ. ಅಂದರೆ ಆ ಚಳಿಗಾಲದಲ್ಲಿ ಗ್ಯಾಲರಿಯಲ್ಲಿ ಕೂತವನಿಗೂ ಮಂಜಿನ ಮೇಲೆ ಜಾರುತ್ತಿದ್ದವನಿಗೂ ಇದ್ದ ಚಿಂತೆ ಒಂದೇ: ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ.

ಅಂಥ ಊರಿಗೆ ಬಂದು ಇಳಿದವರು ಕಾರ್ಲ್‌ಸನ್ ಅಣ್ಣತಮ್ಮಂದಿರು: ಜ್ಯಾಕ್, ಜೆಫ್, ಸ್ಟೀವ್. ಮಿನೆಸೋಟ ರಾಜ್ಯದ ಕಬ್ಬಿಣದ ಅದಿರಿನ ಗಣಿಪ್ರದೇಶದ ಹುಡುಗರು. ಅಲ್ಲಿನ ಅದಿರು ಮಹಾಸರೋವರಗಳ ಹಡಗುಗಳಲ್ಲಿ ಪೂರ್ವದ ಉಕ್ಕಿನ ಕುಲುಮೆಗಳಿಗೆ ಸಾಗುತ್ತಿತ್ತು. ಹುಡುಗರು ಹಾಕಿ ಕೋಲು ಹಿಡಿದು ಅದೇ ದಿಕ್ಕಿಗೆ ಬಂದರು. ಎತ್ತರದ ಆಳುಗಳು, ಉದ್ದ ಕೂದಲು, ದಪ್ಪ ಕಪ್ಪು ಚೌಕಟ್ಟಿನ ಕನ್ನಡಕ. ನೋಡಿದರೆ ಲೈಬ್ರರಿಯಲ್ಲಿ ಪುಸ್ತಕ ಕೊಡುವವರ ಹಾಗೆ. ಆಟಕ್ಕಿಳಿದರೆ ಮಾತ್ರ ಎದುರಿನವರು ದೇವರನ್ನು ನೆನೆಯಬೇಕಿತ್ತು. ಯೂಟಿಕಾದಲ್ಲಿ ಒಮ್ಮೆ ಪ್ರೇಕ್ಷಕನೊಬ್ಬ ಎಸೆದ ಐಸ್ ತುಂಬಿದ ಲೋಟ ಜೆಫ್ ಮುಖಕ್ಕೆ ಬಡಿಯಿತು. ಮೂವರೂ ಗ್ಯಾಲರಿಗೇ ನುಗ್ಗಿದರು. ಪೊಲೀಸರು ಮೂವರನ್ನೂ ಹಿಡಿದುಕೊಂಡು ಹೋದರು.

ಇವರು ಬರಿಯ ಗೂಂಡಾಗಳು ಎಂದು ಬರೆದುಬಿಡುವುದು ಸುಲಭ. ಆದರೆ ಇವರಿಗೆ ಗೋಲು ಹೊಡೆಯಲೂ ಬರುತ್ತಿತ್ತು. ಜ್ಯಾಕ್ ಮತ್ತು ಸ್ಟೀವ್ ಮುಂದೆ ಅತ್ಯುನ್ನತ ದರ್ಜೆಯ ನ್ಯಾಷನಲ್ ಹಾಕಿ ಲೀಗ್‌ನಲ್ಲೂ ಆಡಿದರು. ಮೇಲಿನ ತಂಡದ ಆಯ್ಕೆಗಾರನ ಕಣ್ಣಿಗೆ ಬೀಳಬೇಕಾದರೆ ಸಣ್ಣ ಊರಿನ ಹುಡುಗನ ಹತ್ತಿರ ಎರಡೇ ದಾರಿ. ಒಂದು ಕೋಲು, ಇನ್ನೊಂದು ಮುಷ್ಟಿ. ಕೋಲಿನಲ್ಲಿ ಜಾಣರಾದವರು ಸಾವಿರ ಜನ ಇದ್ದರು. ಮುಷ್ಟಿಗೆ ಆ ಕಾಲದಲ್ಲಿ ಬೇಡಿಕೆ ಹೆಚ್ಚು. ಹಲ್ಲು ಉದುರಿಸಿಕೊಳ್ಳುವುದು ಅವರ ಪಾಲಿಗೆ ಬಡ್ತಿಯ ಅರ್ಜಿ ಇದ್ದ ಹಾಗೆ. ಅದಕ್ಕೆ ಚಪ್ಪಾಳೆ ತಟ್ಟಿದ ನಮ್ಮಂಥ ಪ್ರೇಕ್ಷಕರ ಬಗ್ಗೆ ಏನು ಹೇಳೋಣ?

ಮಾರಾಟದ ಸುದ್ದಿ ತಲೆಯ ಮೇಲೆ ತೂಗುತ್ತಿರುವಾಗಲೇ ಆ ತಂಡ ಗೆಲ್ಲುತ್ತಾ ಹೋಯಿತು. ಕೊನೆಗೆ ಬಿಂಗ್‌ಹ್ಯಾಮ್‌ಟನ್ ತಂಡವನ್ನು ಸೋಲಿಸಿ 1975ರ ಲಾಕ್‌ಹಾರ್ಟ್ ಕಪ್ ಎತ್ತಿಕೊಂಡಿತು.

ಇತ್ತ ನ್ಯಾನ್ಸಿ ಸುಮ್ಮನೆ ಕೂರಲಿಲ್ಲ. ಆಕೆ ಚಿತ್ರಕಥೆ ಬರೆಯುವವಳು. ಜಾನ್‌ಸ್ಟೌನ್‌ಗೇ ಬಂದು ಉಳಿದಳು. ತಮ್ಮನ ಕೈಗೆ ಟೇಪ್ ರೆಕಾರ್ಡರ್ ಕೊಟ್ಟಳು. ಆಟಗಾರರು ಬಟ್ಟೆ ಬದಲಿಸುವ ಕೋಣೆಯಲ್ಲಿ, ಬಸ್ಸಿನಲ್ಲಿ ಆಡುವ ಮಾತುಗಳೆಲ್ಲ ಅದರಲ್ಲಿ ತುಂಬಿದವು. ಅದರಿಂದ ಹುಟ್ಟಿದ್ದು ‘ಸ್ಲ್ಯಾಪ್ ಶಾಟ್’ ಎಂಬ ಸಿನಿಮಾ. ಜಾರ್ಜ್ ರಾಯ್ ಹಿಲ್ ನಿರ್ದೇಶನ, ಪಾಲ್ ನ್ಯೂಮನ್ ನಾಯಕ. ಅಷ್ಟೊಂದು ಪೋಲಿ ಮಾತು ಹೆಣ್ಣೊಬ್ಬಳು ಬರೆದದ್ದೇ ಎಂದು ಹಲವರು ಹುಬ್ಬೇರಿಸಿದರು. ಆ ಮಾತುಗಳನ್ನು ಆಡಿದವರು ಗಂಡಸರೇ ಎಂಬುದು ಅವರಿಗೆ ಹೊಳೆಯಲಿಲ್ಲವೇನೋ! ಚಿತ್ರದಲ್ಲಿ ಊರಿನ ಹೆಸರು ಚಾರ್ಲ್ಸ್‌ಟೌನ್, ತಂಡ ಚೀಫ್ಸ್. ಉಕ್ಕಿನ ಕಾರ್ಖಾನೆ ಮುಚ್ಚಿ ಹತ್ತು ಸಾವಿರ ಜನ ಕೆಲಸ ಕಳೆದುಕೊಳ್ಳಲಿದ್ದಾರೆ. ತಂಡದ ಯಜಮಾನ ಯಾರು ಎಂದು ನ್ಯೂಮನ್ ಹುಡುಕುತ್ತಾ ಹೊರಡುತ್ತಾನೆ. ಕೊನೆಗೆ ಸಿಗುವವಳು ಒಬ್ಬ ಶ್ರೀಮಂತ ಹೆಂಗಸು. ತಂಡವನ್ನು ಮಾರುವುದಕ್ಕಿಂತ ಮುಚ್ಚಿ ತೆರಿಗೆಯಲ್ಲಿ ನಷ್ಟ ತೋರಿಸಿದರೇ ತನಗೆ ಲಾಭ ಎಂದು ಆಕೆ ತಣ್ಣಗೆ ಹೇಳುತ್ತಾಳೆ. ಚಿತ್ರದ ಮುಷ್ಟಿಯುದ್ಧಗಳೆಲ್ಲ ಒಂದು ತೂಕವಾದರೆ ಈ ಒಂದು ದೃಶ್ಯವೇ ಒಂದು ತೂಕ.

1976ರಲ್ಲಿ ಚಿತ್ರೀಕರಣ ನಡೆದದ್ದೂ ಜಾನ್‌ಸ್ಟೌನ್‌ನಲ್ಲೇ. ಕಾರ್ಲ್‌ಸನ್ ಸೋದರರನ್ನು ‘ಹ್ಯಾನ್ಸನ್ ಸೋದರರು’ ಎಂದು ಹೆಸರು ಬದಲಿಸಿ ಅವರಿಂದಲೇ ಪಾತ್ರ ಮಾಡಿಸುವ ಯೋಚನೆ. ಅಷ್ಟರಲ್ಲಿ ಜ್ಯಾಕ್‌ಗೆ ಮೇಲಿನ ಲೀಗಿನ ಎಡ್ಮಂಟನ್ ತಂಡದಿಂದ ಕರೆ ಬಂತು. ಆತ ಸಿನಿಮಾ ಬಿಟ್ಟು ಆಟಕ್ಕೆ ಹೋದ. ಅವನ ಜಾಗಕ್ಕೆ ಬಂದವನು ಅದೇ ತಂಡದ ಡೇವ್ ಹ್ಯಾನ್ಸನ್. ಹೆಸರು ಮೊದಲೇ ಹ್ಯಾನ್ಸನ್, ನೋಡಿ. ಉಳಿದವರು ದಶಕಗಳ ಕಾಲ ಅದೇ ಕನ್ನಡಕ ಹಾಕಿಕೊಂಡು ಊರೂರು ತಿರುಗಿ ಜನರಿಗೆ ಸಹಿ ಹಾಕಿಕೊಟ್ಟರು. ಆಟಕ್ಕಿಂತ ಆಟದ ನೆನಪೇ ಹೆಚ್ಚು ದಿನ ನಡೆಯಿತು ಎನ್ನಿ.

ಸಿನಿಮಾ ಬಿಡುಗಡೆಯಾದದ್ದು 1977ರ ಫೆಬ್ರುವರಿಯಲ್ಲಿ. ಅದೇ ಜುಲೈ 19ರ ರಾತ್ರಿ ಕಣಿವೆಯ ಮೇಲೆ ಮಳೆ ಸುರಿಯತೊಡಗಿತು. ಅಣೆಕಟ್ಟುಗಳು ಮತ್ತೆ ಒಡೆದವು. ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಊರಿನ ಜೊತೆ ವಾರ್ ಮೆಮೊರಿಯಲ್ ಅಂಗಳಕ್ಕೂ ಏಟು ಬಿತ್ತು. ಜೆಟ್ಸ್ ತಂಡ ಅಲ್ಲಿಗೆ ಮುಗಿಯಿತು. ತಂಡವನ್ನು ಮುಳುಗಿಸಲು ಕೊನೆಗೆ ಯಜಮಾನನೂ ಬೇಕಾಗಲಿಲ್ಲ. ಉಕ್ಕಿನ ಕಾರ್ಖಾನೆ ಇನ್ನೂ ಹದಿನೈದು ವರ್ಷ ಕುಂಟುತ್ತಾ ಸಾಗಿ 1992ರಲ್ಲಿ ಬೆತ್ಲೆಹೆಮ್ ಕಂಪೆನಿ ಊರು ಬಿಟ್ಟಿತು.

ಅಷ್ಟರಲ್ಲಿ ಜಾನ್‌ಸ್ಟೌನ್ ಜನ ಇನ್ನೊಂದು ತಂಡ ಕಟ್ಟಿಕೊಂಡಿದ್ದರು. ಸಿನಿಮಾದವರು ಕಲ್ಪಿಸಿದ ಹೆಸರನ್ನೇ ಎರವಲು ಪಡೆದು ಅದಕ್ಕೆ ಚೀಫ್ಸ್ ಎಂದೇ ಕರೆದರು. 1988ರಲ್ಲಿ ಐದು ತಂಡಗಳು ಸೇರಿ ಆರಂಭಿಸಿದ ಈಸ್ಟ್ ಕೋಸ್ಟ್ ಹಾಕಿ ಲೀಗ್‌ನಲ್ಲಿ ಅದೂ ಒಂದು. ಉಳಿದ ನಾಲ್ಕು ಒಂದೊಂದಾಗಿ ಮುಚ್ಚಿದವು, ಇಲ್ಲವೇ ಊರು ಬದಲಿಸಿದವು. ಚೀಫ್ಸ್ ಮಾತ್ರ 2010ರವರೆಗೆ ಅಲ್ಲೇ ಇತ್ತು. ಆಮೇಲೆ ಅದೂ ದಕ್ಷಿಣ ಕೆರೋಲಿನಾದ ಗ್ರೀನ್‌ವಿಲ್‌ಗೆ ಹೊರಟುಹೋಯಿತು. ಆ ನಾಡಿನಲ್ಲಿ ಮಂಜು ಬೀಳುವುದೇ ಅಪರೂಪ.

2012ರಲ್ಲಿ ವಾರ್ ಮೆಮೊರಿಯಲ್ ಅಂಗಳಕ್ಕೆ ಟೊಮಾಹಾಕ್ಸ್ ಎಂಬ ಕಿರಿಯರ ತಂಡ ಬಂತು. ಇಪ್ಪತ್ತು ದಾಟದ ಹುಡುಗರು. ಅವರು ಆಡುವ ಕೂಟದ ಹೆಸರೂ ನಾರ್ತ್ ಅಮೆರಿಕನ್ ಹಾಕಿ ಲೀಗ್. ಹಳೆಯದಕ್ಕೂ ಇದಕ್ಕೂ ಹೆಸರಿನ ಹೊರತು ಸಂಬಂಧವಿಲ್ಲ. ಈ ಹುಡುಗರಿಗೆ ಸಂಬಳವೂ ಇಲ್ಲ.