ಕೊಲೆಯ ಕಥೆ ಯಾರಿಗಾಗಿ?



ಹೊಲದ ಕೆಲಸ ಮುಗಿಸಿ ಮನೆಗೆ ಬಂದವರು ಊಟವಾದ ಮೇಲೆ ಮೊಬೈಲ್ ಹಿಡಿಯುವುದು ಅಣ್ಣಿಗೇರಿ, ಕುಂದಗೋಳದ ಹಳ್ಳಿಗಳಲ್ಲೂ ರೂಢಿಯಾಗಿದೆ. ಅದರಲ್ಲಿ ಕಣ್ಣು ಕಿತ್ತದಂತೆ ನೋಡುವುದು ನಿಜವಾಗಿ ನಡೆದ ಕೊಲೆಗಳ ಕಥೆ. ಈ ರುಚಿ ಕನ್ನಡಕ್ಕೆ ಹೊಸದಲ್ಲ. ರವಿ ಬೆಳಗೆರೆಯವರು ಈಟಿವಿಯಲ್ಲಿ ‘ಕ್ರೈಂ ಡೈರಿ’ ನಡೆಸುತ್ತಿದ್ದುದು ಹಲವರಿಗೆ ನೆನಪಿರಬಹುದು. ಈಗ ಇಂಥ ಸಾಕ್ಷ್ಯಚಿತ್ರಗಳನ್ನೇ ತಯಾರಿಸಿ ವಾಹಿನಿಗಳಿಗೆ, ಓಟಿಟಿಗಳಿಗೆ ಕೊಡುವ ಸ್ವತಂತ್ರ ಸಂಸ್ಥೆಗಳಿವೆ. 1991ರಲ್ಲಿ ಬೆಂಗಳೂರಿನಲ್ಲಿ ನಡೆದ ಕೊಲೆಯೊಂದು 2023ರಲ್ಲಿ ‘ಡ್ಯಾನ್ಸಿಂಗ್ ಆನ್ ದ ಗ್ರೇವ್’ ಎಂಬ ಸರಣಿಯಾಗಿ ಪ್ರೈಮ್ ವಿಡಿಯೋದಲ್ಲಿ ಬಂತು.

ಇವನ್ನು ನೋಡಬಾರದೆಂದು ನಾನು ಹೇಳುವುದಿಲ್ಲ. ಅಳೆದು ನೋಡಿ ಎನ್ನುತ್ತೇನೆ.

ನಾನು ಸರಕಾರಿ ಸೇವೆಯಲ್ಲಿ ಇಂಜಿನಿಯರ್ ಆಗಿದ್ದವನು. ಕಾಲುವೆಯ ಏರಿ ಒಡೆದರೆ ಒಡೆದ ಜಾಗದ ಫೋಟೊ ಎಲ್ಲರೂ ತೆಗೆಯುತ್ತಾರೆ. ತನಿಖೆ ಅದಲ್ಲ. ಮಣ್ಣು ಎಂಥದು, ಸರಿಯಾಗಿ ಗಟ್ಟಿ ಮಾಡಿದ್ದರೇ, ಗೇಟು ಎಷ್ಟು ಹೊತ್ತಿಗೆ ತೆರೆದರು, ಅಳತೆ ಪುಸ್ತಕದಲ್ಲಿ ಏನು ಬರೆದಿದೆ ಎಂದು ಕೇಳುವುದು ತನಿಖೆ. ಅಪರಾಧದ ಸಾಕ್ಷ್ಯಚಿತ್ರಕ್ಕೂ ಇದೇ ಒರೆಗಲ್ಲು. ರಕ್ತ ತೋರಿಸುವುದು ಫೋಟೊ. ಕಾರಣ ತೋರಿಸುವುದು ಕಾಯಕ.

ನಮ್ಮ ಜಿಲ್ಲೆಯದೇ ಉದಾಹರಣೆ ಇದೆ. 2015ರ ಆಗಸ್ಟ್ 30ರಂದು ಡಾ. ಎಂ.ಎಂ. ಕಲಬುರ್ಗಿಯವರನ್ನು ಧಾರವಾಡದ ಕಲ್ಯಾಣನಗರದ ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಅವರ ಪತ್ನಿ ಉಮಾದೇವಿಯವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಬೇಕಾಯಿತು. 2019ರಲ್ಲಿ ಪ್ರಕರಣ ವಿಶೇಷ ತನಿಖಾ ತಂಡಕ್ಕೆ ಹೋಗಿ, ಅದೇ ವರ್ಷ ಆರೋಪಪಟ್ಟಿ ಸಲ್ಲಿಕೆಯಾಯಿತು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರ ಮೇಲೆ ಹಾರಿದ ಗುಂಡುಗಳೂ ಇದೇ ಪಿಸ್ತೂಲಿನವು ಎಂದು ಹೇಳಿದ್ದು ವಿಧಿವಿಜ್ಞಾನ ಪ್ರಯೋಗಾಲಯದ ಹೋಲಿಕೆ. ಇಂಥ ಕೆಲಸ ನಿಧಾನ. ಅದಕ್ಕೆ ಹಿನ್ನೆಲೆ ಸಂಗೀತವಿಲ್ಲ.

ನಿಧಾನವಾಗಿಯೇ ಹೇಳಿದ ಚಿತ್ರಗಳೂ ಇವೆ. ಆನಂದ್ ಪಟವರ್ಧನರ ‘ವಿವೇಕ್’ 2018ರಲ್ಲಿ ಬಂತು. ದಾಭೋಲ್ಕರ್, ಪಾನ್ಸರೆ ಅವರ ಹತ್ಯೆಗಳ ಹಿಂದಿನ ವಿಚಾರ ಯಾವುದೆಂದು ಅದು ಕೇಳುತ್ತದೆ. ಕವಿತಾ ಲಂಕೇಶರು 2022ರಲ್ಲಿ ಅಕ್ಕನ ಬದುಕಿನ ಮೇಲೆ ‘ಗೌರಿ’ ಮಾಡಿದರು.

ಕಲಬುರ್ಗಿಯವರ ಬಗ್ಗೆ ಚಿತ್ರ ಮಾಡಲು ಬರುವವರು ಕ್ಯಾಮೆರಾ ಇಡುವ ಮೊದಲು ಅವರ ‘ಮಾರ್ಗ’ ಸಂಪುಟಗಳನ್ನು ಓದಬೇಕು. ಓದಿದರೆ 1989ಕ್ಕೂ ಬರಬೇಕಾಗುತ್ತದೆ. ಶರಣರ ಚರಿತ್ರೆಯ ಬಗ್ಗೆ ಅವರು ಬರೆದುದಕ್ಕೆ ಗದ್ದಲವೆದ್ದದ್ದು ನಮ್ಮ ಸಮಾಜದೊಳಗೇ; ಬರೆದುದನ್ನು ಅವರು ಹಿಂತೆಗೆದುಕೊಳ್ಳಬೇಕಾಯಿತು. ಆ ಗದ್ದಲವೂ ಈ ಕೊಲೆಯೂ ಒಂದೇ ಅಲ್ಲ. ಆದರೆ ವಿದ್ವಾಂಸನಿಗೆ ವಾದದಿಂದ ಉತ್ತರ ಕೊಡದೆ ಬಾಯಿ ಮುಚ್ಚಿಸುವ ಚಾಳಿ ಎಲ್ಲಿಂದ ಶುರುವಾಗುತ್ತದೆ ಎಂದು ಪ್ರಾಮಾಣಿಕ ಚಿತ್ರ ಕೇಳಿದರೆ, ನಮಗೆ ಸಿಟ್ಟು ಬರಬಾರದು. ಅನುಭವ ಮಂಟಪದ ವಾರಸುದಾರರು ಪ್ರಶ್ನೆಗೆ ಹೆದರಿದರೆ ಹೇಗೆ?

ಕಾನೂನು ಹಾಕಿದ ಗೆರೆಯೂ ಇದೆ. 1994ರಲ್ಲಿ ಆಟೋ ಶಂಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಾರ್ವಜನಿಕ ದಾಖಲೆಯಲ್ಲಿರುವುದನ್ನು ಪ್ರಕಟಿಸಬಹುದೆಂದಿತು. ಅದನ್ನು ದಾಟಿ ಒಬ್ಬರ ಖಾಸಗಿ ಬದುಕಿಗೆ ಕೈ ಹಾಕುವುದಾದರೆ ಅವರ ಒಪ್ಪಿಗೆ ಬೇಕೆಂದಿತು. ಅತ್ಯಾಚಾರಕ್ಕೊಳಗಾದ ಹೆಣ್ಣುಮಗಳ ಗುರುತು ಬಯಲು ಮಾಡುವುದು ಅಪರಾಧ. ತೀರ್ಪು ಬರುವವರೆಗೆ ಆರೋಪಿ ಆರೋಪಿಯೇ, ಅಪರಾಧಿಯಲ್ಲ.

ಮಠಗಳಲ್ಲಿ ಪ್ರವಚನ ಕೇಳಲು ಜನ ಸೇರುತ್ತಾರೆ. ತಿಂಗಳಿಗೊಮ್ಮೆ ಅಲ್ಲೇ ಇಂಥದೊಂದು ಸಾಕ್ಷ್ಯಚಿತ್ರ ಹಾಕಿ, ಮುಗಿದ ಮೇಲೆ ಯುವಕರನ್ನು ಮಾತಿಗೆಳೆಯೋಣ. ಸತ್ತವರು ಬದುಕಿದ್ದಾಗ ಏನು ಮಾಡಿದ್ದರು? ಹೇಳಿದ್ದಕ್ಕೆ ಪುರಾವೆ ಏನು? ನ್ಯಾಯಾಲಯ ಏನಂದಿತು? ಈ ಮೂರಕ್ಕೆ ಉತ್ತರ ಸಿಕ್ಕರೆ ಆ ಚಿತ್ರ ನೋಡಿದ್ದು ಸಾರ್ಥಕ. ಸಿಗದಿದ್ದರೆ ಅದು ಹೆಣದ ಮುಂದೆ ಹಾಕಿದ ಅಂಗಡಿ.